ಕೋರ್ಟು ಕಟ್ಟೆ: ನಲವತ್ತು ದಾಟಿದ ಮೇಲೆ ಲಾ ಎಂಟ್ರೆನ್ಸ್

ವಯಸ್ಸಾದ ಮೇಲೆ ವಕೀಲಿಕೆ ಓದುವ ಬಗ್ಗೆ ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಆಸ್ತಿ ಜಗಳ, ಸೊಸೈಟಿ ಜಗಳಗಳನ್ನು ಮುಂದಿನ ತಿಂಗಳಿಗೆ ಬಿಟ್ಟು ಇಡೀ ಪುಟವನ್ನು ಈ ಪತ್ರಗಳಿಗೇ ಕೊಡುತ್ತಿದ್ದೇನೆ.

ಪ್ರಶ್ನೆ: ಮೇಡಂ, ನನಗೆ 41. ಊರು ಕಾರ್ಕಳದ ಹತ್ತಿರ. ಏಳನೇ ಕ್ಲಾಸು ಮುಗಿಸಿ ಮುಂಬಯಿಗೆ ಬಂದೆ. ಹಗಲು ಹೋಟೆಲ್ ಕೆಲಸ, ರಾತ್ರಿ ಕನ್ನಡ ನೈಟ್ ಸ್ಕೂಲು. ಹಾಗೇ ಎಸ್ಸೆಸ್ಸಿ, ಹನ್ನೆರಡನೆಯದು, ಆಮೇಲೆ ಬಿ.ಕಾಂ. ಆಯಿತು, 52% ಬಂದಿದೆ. ಈಗ ಘಾಟ್ಕೋಪರಿನ ಹೋಟೆಲೊಂದರಲ್ಲಿ ಮ್ಯಾನೇಜರ್, ಮನೆ ಡೊಂಬಿವಲಿಯಲ್ಲಿ. ಲೈಸೆನ್ಸು, ಮುನ್ಸಿಪಾಲಿಟಿ ನೋಟಿಸು, ಲೇಬರ್ ಕೋರ್ಟು ಅಂತ ಓಡಾಡಿ ಓಡಾಡಿ ನಾನೇ ಯಾಕೆ ವಕೀಲನಾಗಬಾರದು ಅನಿಸಿದೆ. ವಯಸ್ಸು ಅಡ್ಡ ಬರುತ್ತದೆಯೇ? ರಾತ್ರಿ ಲಾ ಕಾಲೇಜು ಇದೆಯೇ? ಇಂಗ್ಲಿಷ್ ಭಯ. ಪರೀಕ್ಷೆಗೆ ಹೇಗೆ ಓದಲಿ? — ಹೆಸರು ಬೇಡ, ಡೊಂಬಿವಲಿ

ಉತ್ತರ: ವಯಸ್ಸಿನ ಮಾತು ಮೊದಲು ಮುಗಿಸಿಬಿಡೋಣ. ಮೂರು ವರ್ಷದ ಎಲ್‌ಎಲ್‌ಬಿಗೆ 30 ದಾಟಿದವರನ್ನು ಸೇರಿಸಬಾರದು ಅಂತ, ಕಾನೂನು ಓದನ್ನೂ ವಕೀಲಿಕೆಯನ್ನೂ ನಿಯಂತ್ರಿಸುವ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಒಂದು ನಿಯಮ ಮಾಡಿತ್ತು, ಮಧ್ಯೆ ಅದನ್ನು ಕೈಬಿಟ್ಟು 2016ರಲ್ಲಿ ಮತ್ತೆ ತಂದಿತು. 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿತು. ಮಹಾರಾಷ್ಟ್ರದ ಲಾ ಪ್ರವೇಶ ಪರೀಕ್ಷೆಯಾದ ಸಿಇಟಿಗೂ ಮೇಲಿನ ವಯಸ್ಸಿನ ಮಿತಿ ಇಲ್ಲ. ನಿಮ್ಮ 52% ಕೂಡ ಸಾಕು, ಓಪನ್ ವರ್ಗಕ್ಕೆ ಕೇಳುವುದು 45%. ಹತ್ತು, ಹನ್ನೆರಡು, ಡಿಗ್ರಿ ಎಲ್ಲ ಕ್ರಮವಾಗಿ ಆಗಿದೆ. ನೈಟ್ ಸ್ಕೂಲ್ ಅಂತ ಯಾರೂ ಮೂಗು ಮುರಿಯುವ ಹಾಗಿಲ್ಲ, ಎಸ್ಸೆಸ್ಸಿ ಬೋರ್ಡಿಗೆ ಹಗಲು ಬೇರೆ ರಾತ್ರಿ ಬೇರೆ ಅಲ್ಲ.

ಆದರೆ ಮಾರಾಯರೇ, ರಾತ್ರಿ ಕಾಲೇಜಿನ ಆಸೆ ಬಿಟ್ಟುಬಿಡಿ. ಈ ಊರಿನಲ್ಲಿ ಗ್ಲಾಸು ತೊಳೆದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ನಮ್ಮವರು ಎಷ್ಟು ಜನ ಅಂತ ನಿಮಗೆ ಹೇಳಬೇಕಾಗಿಲ್ಲ. ಕಾನೂನಿಗೆ ಮಾತ್ರ ಆ ದಾರಿ ಇಲ್ಲ. ಬಾರ್ ಕೌನ್ಸಿಲಿನ 2008ರ ನಿಯಮದ ಪ್ರಕಾರ ತರಗತಿ ನಡೆಯಬೇಕಾದದ್ದು ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೆ. ಹಾಜರಿ ಪ್ರತಿ ವಿಷಯದಲ್ಲೂ ನೂರಕ್ಕೆ 70. ಅಂಚೆ ಮೂಲಕ ಮಾಡಿದ ಎಲ್‌ಎಲ್‌ಬಿ ಹಿಡಿದುಕೊಂಡು ಹೋದರೆ ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಕೊಡುವುದಿಲ್ಲ. 2024ರಲ್ಲಿ ಬಾರ್ ಕೌನ್ಸಿಲ್ ಇನ್ನೊಂದು ಸುತ್ತೋಲೆ ಕಳಿಸಿತು: ಓದುವಾಗ ಕೆಲಸದಲ್ಲಿದ್ದರೆ ಅದನ್ನು ತಿಳಿಸಬೇಕು, ಮಾಲೀಕರ ಎನ್‌ಒಸಿ ಬೇಕು, ಹಾಜರಿ ಬಯೋಮೆಟ್ರಿಕ್ ಆಗಬೇಕು ಅಂತ. 'ಹಾಜರಿ ಎಲ್ಲ ಮ್ಯಾನೇಜ್ ಮಾಡಬಹುದು' ಅಂತ ನಿಮ್ಮ ಹೋಟೆಲಿಗೆ ಬರುವ ಯಾರಾದರೂ ಹೇಳಿದರೆ ಚಹಾ ಕೊಟ್ಟು ಕಳಿಸಿ. ಅದನ್ನು ನಂಬಿ ಮೂರು ವರ್ಷದ ಶುಲ್ಕ ಕಟ್ಟಬೇಡಿ.

ಹಾಗಾಗಿ ಪುಸ್ತಕ ಕೊಳ್ಳುವ ಮೊದಲು ಮಾಲೀಕರ ಹತ್ತಿರ ಕೂತು ಮಾತಾಡಿ. ಬೆಳಗಿನ ತರಗತಿ ಇರುವ ಕಾಲೇಜು ಸಿಕ್ಕಿದರೆ ಮಧ್ಯಾಹ್ನದ ಮೇಲಿನ ಪಾಳಿ ನಿಮಗೆ ಕೊಡುತ್ತಾರಾ? ಸಂಬಳ ಎಷ್ಟು ಕಡಿಮೆಯಾಗುತ್ತದೆ? ಮನೆಯವರು ಏನು ಹೇಳುತ್ತಾರೆ? ನನ್ನ ಪ್ರಕಾರ ನಲವತ್ತು ದಾಟಿದವರ ನಿಜವಾದ ಎಂಟ್ರೆನ್ಸ್ ಇದೇ. ಇದು ಪಾಸಾದರೆ ಸಿಇಟಿ ಅಷ್ಟೇನೂ ದೊಡ್ಡದಲ್ಲ.

ಈಗ ಸಿಇಟಿಗೆ ಬರೋಣ. ಮಹಾರಾಷ್ಟ್ರದಲ್ಲಿ ಇದು 2016ರಿಂದ ಇದೆ, ನಡೆಸುವುದು ರಾಜ್ಯದ ಸಿಇಟಿ ಸೆಲ್. ಮೊದಲು 150 ಪ್ರಶ್ನೆ ಇತ್ತು, 2025ರಲ್ಲಿ 120ಕ್ಕೆ ಇಳಿಸಿದರು. ಸಮಯ ಎರಡು ಗಂಟೆ, ಅಂದರೆ ಒಂದು ಪ್ರಶ್ನೆಗೆ ಒಂದು ನಿಮಿಷ. ಮೂರು ವರ್ಷದ ಕೋರ್ಸಿಗೆ ಇಂಗ್ಲಿಷ್ 40, ಸಾಮಾನ್ಯ ಜ್ಞಾನ 32, ಕಾನೂನು 24, ತರ್ಕ 24. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಟ್ಟು ಏಳಬೇಡಿ. ಪರೀಕ್ಷೆ ಕಂಪ್ಯೂಟರಿನಲ್ಲಿ. ನೀವು ಬಿಲ್ಲಿಂಗ್ ಮಶೀನು ಒತ್ತಿ ಅಭ್ಯಾಸ ಇರುವವರು, ಆದರೂ ಎರಡು ಗಂಟೆ ಪರದೆ ನೋಡುತ್ತಾ ಉದ್ದದ ಪ್ಯಾರಾ ಓದುವುದು ಬೇರೆ ಕೆಲಸ. ಕನ್ನಡಕದ ನಂಬರು ಒಮ್ಮೆ ಪರೀಕ್ಷೆ ಮಾಡಿಸಿ. ತಮಾಷೆಗೆ ಹೇಳುತ್ತಿಲ್ಲ, ನಲವತ್ತರ ಮೇಲೆ ಹತ್ತಿರದ ದೃಷ್ಟಿ ಮೋಸ ಮಾಡುತ್ತದೆ.

ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಇರುತ್ತದೆ, ಕನ್ನಡದಲ್ಲಿ ಇಲ್ಲ. ಗಲ್ಲೆಯಲ್ಲಿ ಕೂತು ಇಷ್ಟು ವರ್ಷ ಮರಾಠಿ ಮಾತಾಡಿದ್ದೇನೆ, ಮರಾಠಿಯೇ ಸುಲಭ ಅಂತ ನಿಮಗೆ ಅನಿಸಬಹುದು. ಗಿರಾಕಿಯ ಮರಾಠಿ ಬೇರೆ, ಕಾನೂನಿನ ಮರಾಠಿ ಬೇರೆ. ಅದನ್ನು ಹೊಸದಾಗಿ ಕಲಿಯುವ ಶ್ರಮವನ್ನು ಇಂಗ್ಲಿಷಿಗೇ ಹಾಕಿ, ಹೇಗೂ 40 ಅಂಕ ಅಲ್ಲಿ ಇಂಗ್ಲಿಷಿನದೇ. ಮೂರರಲ್ಲಿ ಒಂದು ಪಾಲು!

ಇಂಗ್ಲಿಷಿಗೆ ದಪ್ಪ ವ್ಯಾಕರಣ ಪುಸ್ತಕ ಬೇಡ. ಡೊಂಬಿವಲಿಯಿಂದ ಘಾಟ್ಕೋಪರಿಗೆ ಲೋಕಲ್‌ನಲ್ಲಿ ನಿಂತುಕೊಂಡು ಪೇಪರ್ ಬಿಡಿಸಲು ಆಗುವುದಿಲ್ಲ, ಗೊತ್ತು. ಮೊಬೈಲಿನಲ್ಲಿ ಇಂಗ್ಲಿಷ್ ಪತ್ರಿಕೆಯ ಒಂದೇ ಒಂದು ಸಂಪಾದಕೀಯ ತೆರೆಯಿರಿ. ಇಳಿಯುವಷ್ಟರಲ್ಲಿ ಅದನ್ನು ಎರಡು ಸಲ ಓದಿ: ಮೊದಲ ಸಲ ಸುಮ್ನೆ ಓಡಿಸಿ, ಎರಡನೇ ಸಲ ಬರೆದವನು ಏನು ಬೇಕು ಅನ್ನುತ್ತಿದ್ದಾನೆ ಅಂತ ಕನ್ನಡದಲ್ಲಿ ಒಂದು ವಾಕ್ಯ ಮನಸ್ಸಿನಲ್ಲೇ ಕಟ್ಟಿ. ಗೊತ್ತಿಲ್ಲದ ಶಬ್ದ ಐದಕ್ಕಿಂತ ಹೆಚ್ಚು ಬರೆದುಕೊಳ್ಳಬೇಡಿ, ಜಾಸ್ತಿ ಬರೆದದ್ದನ್ನು ಯಾರೂ ತಿರುಗಿ ನೋಡುವುದಿಲ್ಲ. ಮಧ್ಯಾಹ್ನ ಊಟದ ರಶ್ ಇಳಿದು ಸಂಜೆಯ ತಿಂಡಿ ಶುರುವಾಗುವ ಮೊದಲು ಹೋಟೆಲಿನಲ್ಲಿ ಒಂದು ಬಿಡುವು ಇರುತ್ತದಲ್ವಾ, ಆಗ ಆ ಸಂಪಾದಕೀಯವನ್ನು ಜೋರಾಗಿ ಓದಿ. ಹುಡುಗರು ನಗಲಿ. ಅವರಲ್ಲೂ ಯಾರೋ ಒಬ್ಬ ಓದುವ ಹುಡುಗ ಇದ್ದೇ ಇರುತ್ತಾನೆ, ಅವನಿಗೂ ಉಪಕಾರ.

ಕಾನೂನಿನ ಭಾಗದಲ್ಲಿ ಹುಡುಗರಿಗಿಂತ ನಿಮ್ಮಂಥವರು ಜಾಸ್ತಿ ಎಡವುತ್ತಾರೆ. ಕಾರಣ ನಿಮ್ಮ ಅನುಭವವೇ. ಇಲ್ಲಿ ಒಂದು ಸೂತ್ರ, ಒಂದು ಸಂಗತಿ ಕೊಟ್ಟು ಉತ್ತರ ಕೇಳುತ್ತಾರೆ. ಒಂದು ಪ್ರಶ್ನೆ ನೋಡಿ. ಸೂತ್ರ: 18 ತುಂಬದವರು ಮಾಡಿದ ಒಪ್ಪಂದ ಹುಟ್ಟಿನಿಂದಲೇ ಅಸಿಂಧು. ಸಂಗತಿ: 17 ವರ್ಷದ ಹುಡುಗ ತನಗೆ 19 ಅಂತ ಸುಳ್ಳು ಹೇಳಿ, ಪತ್ರಕ್ಕೆ ಸಹಿ ಹಾಕಿ 20,000 ರೂಪಾಯಿ ಸಾಲ ತೆಗೆದುಕೊಂಡ. ವಾಪಸು ಕೊಡಲಿಲ್ಲ. ಸಾಲ ಕೊಟ್ಟವನು ಆ ಒಪ್ಪಂದದ ಮೇಲೆ ದಾವೆ ಹಾಕಿದರೆ ಗೆಲ್ಲುತ್ತಾನಾ?

ನಿಮ್ಮ ಮೊದಲ ಉತ್ತರ ನನಗೆ ಗೊತ್ತು. 'ಸುಳ್ಳು ಹೇಳಿದ್ದಾನೆ, ದುಡ್ಡು ತಿಂದಿದ್ದಾನೆ, ಕಟ್ಟಲಿ.' ಅಡ್ವಾನ್ಸ್ ತೆಗೆದುಕೊಂಡು ಊರಿಗೆ ಓಡಿದ ಹುಡುಗರನ್ನು ಕಂಡವರು ನೀವು, ಸಿಟ್ಟು ಸಹಜ. ಪರೀಕ್ಷೆ ನಿಮ್ಮ ಸಿಟ್ಟನ್ನು ಕೇಳುತ್ತಿಲ್ಲ. ಕೊಟ್ಟ ಸೂತ್ರದಲ್ಲಿ ಸುಳ್ಳಿನ ಮಾತೇ ಇಲ್ಲ, ವಯಸ್ಸಿನ ಮಾತು ಮಾತ್ರ ಇದೆ. ಹುಡುಗನಿಗೆ 18 ಆಗಿಲ್ಲ, ಒಪ್ಪಂದ ಅಸಿಂಧು, ದಾವೆ ನಿಲ್ಲುವುದಿಲ್ಲ. ನಿಜವಾದ ಕೋರ್ಟಿನಲ್ಲೂ ಇಂಥದ್ದು ನಡೆದಿದೆ. ಕಲ್ಕತ್ತಾದ ಮೊಹರಿ ಬೀಬಿ ಪ್ರಕರಣ, 1903ರಲ್ಲಿ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದಲ್ಲಿ ಲಂಡನ್ನಿನಲ್ಲಿದ್ದ ಕೊನೆಯ ಮೇಲ್ಮನವಿ ಕೋರ್ಟಿನ ತೀರ್ಪು. ಅಲ್ಲೂ ಸಾಲ ಕೊಟ್ಟವನು ಸೋತ. ಇಪ್ಪತ್ತರ ಹುಡುಗಿ ಸೂತ್ರ ಓದಿ ಟಿಕ್ ಮಾಡಿ ಮುಂದೆ ಹೋಗುತ್ತಾಳೆ, ನೀವು ಮಾತ್ರ ನ್ಯಾಯ ಯಾವುದು ಅಂತ ಯೋಚಿಸುತ್ತಾ ಮೂರು ನಿಮಿಷ ಕಳೆಯುತ್ತೀರಿ. ಆದ್ದರಿಂದ ಅಭ್ಯಾಸ ಮಾಡುವಾಗ ಪ್ರತಿ ಉತ್ತರದ ಪಕ್ಕದಲ್ಲಿ ಸೂತ್ರದ ಯಾವ ಶಬ್ದ ನೋಡಿ ಇದನ್ನು ಆರಿಸಿದೆ ಅಂತ ಬರೆಯಿರಿ. ಶಬ್ದ ಸಿಗದಿದ್ದರೆ ಆ ಉತ್ತರ ನಿಮ್ಮ ತಲೆಯಿಂದ ಬಂದಿದೆ, ಪ್ರಶ್ನೆಯಿಂದ ಅಲ್ಲ.

ಸೂತ್ರದ ಪ್ರಶ್ನೆಗಳ ಜೊತೆ ನೇರವಾಗಿ ಸಂವಿಧಾನ, ಹೆಸರಾಂತ ತೀರ್ಪುಗಳ ಬಗ್ಗೆಯೂ ಕೇಳುತ್ತಾರೆ. ಇಲ್ಲಿ ನಮ್ಮವರಿಗೆ ಸ್ವಲ್ಪ ಲಾಭವಿದೆ, ಯಾಕೆಂದರೆ ದೊಡ್ಡ ದೊಡ್ಡ ಪ್ರಕರಣಗಳು ನಮ್ಮ ಕಡೆಯವೇ. ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಕೂಡ ಮುಟ್ಟುವ ಹಾಗಿಲ್ಲ ಅಂತ ಹೇಳಿದ 1973ರ ತೀರ್ಪಿನ ಕೇಶವಾನಂದ ಭಾರತಿ ಯಾರು? ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು. ಅವರ ಪರ ವಾದಿಸಿದ ನಾನಿ ಪಾಲ್ಖಿವಾಲಾ ನಮ್ಮ ಮುಂಬಯಿಯವರು. ಹದಿಮೂರು ನ್ಯಾಯಮೂರ್ತಿಗಳು, 7-6 ಅಂತರ. ಮಠ ಕಾಸರಗೋಡಿನದು, ವಕೀಲರು ಮುಂಬಯಿಯವರು ಅಂತ ಒಮ್ಮೆ ತಲೆಗೆ ಹೋದರೆ ಇನ್ನು ಮರೆಯುವುದುಂಟೇ? ರಾಷ್ಟ್ರಪತಿ ಆಳ್ವಿಕೆಯ ಬಗ್ಗೆ 1994ರ ತೀರ್ಪು ಎಸ್.ಆರ್. ಬೊಮ್ಮಾಯಿಯವರದು. 1980ರ ಮಿನರ್ವ ಮಿಲ್ಸ್ ಬೆಂಗಳೂರಿನ ಗಿರಣಿ. ಇನ್ನು ನೀವು ದಿನಾ ಕಾಣುವ ಫುಟ್‌ಪಾತ್ ವಾಸಿಗಳ ಬದುಕಿನ ಹಕ್ಕಿನ ಬಗ್ಗೆ 1985ರ ಓಲ್ಗಾ ಟೆಲ್ಲಿಸ್ ಪ್ರಕರಣ, ಅದು ಬಾಂಬೆ ಮುನ್ಸಿಪಾಲಿಟಿಯ ಮೇಲೆಯೇ ಹಾಕಿದ್ದು. ಹೀಗೆ ಒಂದೊಂದನ್ನೂ ಊರಿಗೆ, ಜನರಿಗೆ ಜೋಡಿಸಿ ಓದಿ. ಬರೀ ಇಸವಿ ಉರುಹೊಡೆದರೆ ಪರೀಕ್ಷೆಯ ದಿನ ಎಲ್ಲ ಕಲಸಿಹೋಗುತ್ತದೆ.

ಪುಸ್ತಕದ ವಿಷಯ. ಮಾಟುಂಗದ ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ಹಳೆಯ ಗೈಡು ಅಗ್ಗಕ್ಕೆ ಸಿಗುತ್ತದೆ, ತನ್ನಿ. ತರ್ಕಕ್ಕೆ, ಇಂಗ್ಲಿಷಿಗೆ ಹಳೆಯದು ನಡೆಯುತ್ತದೆ. ಕಾನೂನಿಗೆ ಬೇಡ. 2024ರ ಜುಲೈ 1ರಿಂದ ಅಪರಾಧ, ಶಿಕ್ಷೆಗಳ ಹಳೆಯ ಕಾಯ್ದೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಸಿಆರ್‌ಪಿಸಿಯೂ ಎವಿಡೆನ್ಸ್ ಆ್ಯಕ್ಟೂ ಹೋದವು. ಕೊಲೆಗೆ 302 ಅಲ್ಲ, 103. ವಂಚನೆಗೆ ನಾವೆಲ್ಲ ಬೈಗುಳದ ಹಾಗೆ ಬಳಸುವ 420 ಈಗ 318. ಹಳೆ ಗೈಡು ಓದಿದರೆ ಗಟ್ಟಿಯಾಗಿ ಕಲಿತು ತಪ್ಪು ಬರೆಯುತ್ತೀರಿ. ಹೊಸ ಸಂಹಿತೆ ಮತ್ತು ಸಂವಿಧಾನ, ಎರಡರದೂ ಬೇರ್ ಆ್ಯಕ್ಟ್ ಕೊಳ್ಳಿ. ಬೇರ್ ಆ್ಯಕ್ಟ್ ಅಂದರೆ ವಿವರಣೆ ಇಲ್ಲದ ಕಾಯ್ದೆಯ ಪ್ರತಿ, ಮುಂದೆ ಕೋರ್ಸಿಗೂ ಬೇಕಾಗುತ್ತದೆ.

ಸಾಮಾನ್ಯ ಜ್ಞಾನಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ದಿನಾ ಪೇಪರ್ ಓದುವವರಿಗೆ ಅರ್ಧ ಬಂದಿರುತ್ತದೆ. ತರ್ಕಕ್ಕೆ ದಿನಕ್ಕೆ ಹತ್ತು ಲೆಕ್ಕ ಸಾಕು. ವಾರದ ರಜೆಯ ದಿನ ಮಾತ್ರ ಬಾಗಿಲು ಹಾಕಿಕೊಂಡು, ಮೊಬೈಲು ಹೆಂಡತಿಯ ಕೈಗೆ ಕೊಟ್ಟು, ಎರಡು ಗಂಟೆಯ ಪೂರ್ತಿ ಪತ್ರಿಕೆ ಬಿಡಿಸಿ. ಕ್ಲಾಸಿಗೆ ಸೇರಲೇಬೇಕೇ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಬೇಕಾಗಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಹುಡುಗರ ಮಧ್ಯೆ ಕೂತು ಮುಜುಗರಪಡುವ ಬದಲು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ. ಪರೀಕ್ಷೆಯ ತಿಂಗಳು ಒಂದೇ ಅಂತ ಇಲ್ಲ. 2024ರಲ್ಲಿ ಮಾರ್ಚ್‌ನಲ್ಲಿ ಆಯಿತು, 2025ರಲ್ಲಿ ಮೇಗೆ ಹೋಯಿತು. ಆದ್ದರಿಂದ ದೀಪಾವಳಿ ಕಳೆದ ಮೇಲೆ ಸಿಇಟಿ ಸೆಲ್‌ನ ಜಾಲತಾಣವನ್ನು ಆಗಾಗ ನೋಡುತ್ತಿರಿ.

ಕಾಲೇಜಿನ ಮಾತು ಕೊನೆಗೆ. ಚರ್ಚ್‌ಗೇಟಿನ ಸರ್ಕಾರಿ ಕಾನೂನು ಕಾಲೇಜು 1855ರದು, ಅಂಬೇಡ್ಕರ್ ಅವರು ಪ್ರಿನ್ಸಿಪಾಲರಾಗಿದ್ದ ಜಾಗ, ಶುಲ್ಕವೂ ಕಡಿಮೆ. ಅದಕ್ಕೇ ಅಲ್ಲಿ ನೂಕುನುಗ್ಗಲು. ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೆ ಅಳಬೇಡಿ. ನಿಮ್ಮ ಲೆಕ್ಕದಲ್ಲಿ ಹೆಸರಿಗಿಂತ ರೈಲ್ವೆ ಲೈನು ಮುಖ್ಯ. ಬೇಕಾದ ಕಾಲೇಜುಗಳನ್ನು ಕ್ರಮವಾಗಿ ಬರೆಯುವ ಆಪ್ಷನ್ ಫಾರ್ಮ್ ತುಂಬುವಾಗ ಸೆಂಟ್ರಲ್ ಲೈನಿನ ಮೇಲೆ, ಬೆಳಗಿನ ತರಗತಿ ಇರುವ ಕಾಲೇಜುಗಳನ್ನು ಮೇಲೆ ಹಾಕಿ.

ಪ್ರಶ್ನೆ: ನಮಸ್ಕಾರ ಅಕ್ಕಾ. ನನಗೆ 38, ತವರು ಹುಬ್ಬಳ್ಳಿ, ಮದುವೆಯಾಗಿ ಪುಣೆಯ ನಿಗಡಿಗೆ ಬಂದು 16 ವರ್ಷ ಆಯಿತು. ಧಾರವಾಡ ವಿಶ್ವವಿದ್ಯಾಲಯದ ಬಿ.ಎ., 58%. ಮಕ್ಕಳು ದೊಡ್ಡವರಾದರು. ಸಿಇಟಿ ಬರೆಯಬೇಕು ಅಂತಿದ್ದೇನೆ. ನಮ್ಮದು ಹಿಂದುಳಿದ ವರ್ಗ, ಅಲ್ಲಿಯ ಜಾತಿ ಪ್ರಮಾಣಪತ್ರ ಇದೆ. ಅದು ಇಲ್ಲಿ ನಡೆಯುತ್ತದೆಯೇ? ಅತ್ತೆಯವರು 'ಈಗ್ಯಾಕೆ ಇದೆಲ್ಲ' ಅಂತಾರೆ.

ಉತ್ತರ: ಅತ್ತೆಯವರಿಗೆ ನಾನು ಉತ್ತರ ಹೇಳುವುದಿಲ್ಲ, ಅದು ನಿಮ್ಮ ಮನೆಯ ವಕಾಲತ್ತು. ಕಾಗದಪತ್ರದ ಉತ್ತರ ಹೇಳುತ್ತೇನೆ. ಯಾಕೆಂದರೆ ಮದುವೆಯಾಗಿ ಈ ಕಡೆ ಬಂದ ನಮ್ಮ ಹೆಣ್ಣುಮಕ್ಕಳು ಪರೀಕ್ಷೆಯಲ್ಲಿ ಗೆದ್ದು ಕಾಗದದಲ್ಲಿ ಸೋಲುತ್ತಾರೆ.

ಕರ್ನಾಟಕದ ಜಾತಿ ಪ್ರಮಾಣಪತ್ರ ಮಹಾರಾಷ್ಟ್ರದ ಮೀಸಲಾತಿಗೆ ನಡೆಯುವುದಿಲ್ಲ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದವರಿಗೆ ಅಲ್ಲಿನ ಮೀಸಲಾತಿ ಹಿಂದೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಇಲ್ಲಿಯ ಪಟ್ಟಿ ಬೇರೆ, ಇಲ್ಲಿ ಪ್ರಮಾಣಪತ್ರವನ್ನು ಪರಿಶೀಲಿಸಿ ಕೊಡುವ ಜಾತಿ ವ್ಯಾಲಿಡಿಟಿ ಅಂತ ಇನ್ನೊಂದು ಕಾಗದ ಬೇರೆ ಬೇಕು. ಗಂಡನ ಕಡೆಯ ಕಾಗದ ತೋರಿಸಿದರೂ ಆಗದು, ಜಾತಿ ನೋಡುವುದು ಹುಟ್ಟಿನಿಂದ. ನಿಮಗೆ 58% ಇದೆ. ಓಪನ್‌ನಲ್ಲೇ ಅರ್ಜಿ ಹಾಕಿ, ಆ ಓಡಾಟದ ಸಮಯ ಓದಿಗೆ ಸಿಗುತ್ತದೆ.

ಡೊಮಿಸೈಲ್ ಪತ್ರ, ಅಂದರೆ ಈ ರಾಜ್ಯದ ನಿವಾಸಿ ಅನ್ನುವ ಪತ್ರದ ಕೆಲಸ ಮಾತ್ರ ಇವತ್ತೇ ಶುರುಮಾಡಿ. ಅದಕ್ಕೆ ಮಹಾರಾಷ್ಟ್ರದಲ್ಲಿ 15 ವರ್ಷದ ವಾಸ ತೋರಿಸಬೇಕು, ನಿಮಗೆ 16 ಆಗಿದೆ. ಹಳೆಯ ರೇಷನ್ ಕಾರ್ಡ್, ಬಾಡಿಗೆ ಕರಾರು, ಲೈಟ್ ಬಿಲ್ಲು ಹುಡುಕಿ ತೆಗೆಯಿರಿ. ಇನ್ನೊಂದು, ಬಿ.ಎ. ಅಂಕಪಟ್ಟಿಯಲ್ಲಿ ತವರಿನ ಹೆಸರು, ಆಧಾರ್‌ನಲ್ಲಿ ಗಂಡನ ಮನೆಯ ಹೆಸರು ಇದೆಯಾ? ಹಾಗಿದ್ದರೆ ಮದುವೆ ನೋಂದಣಿ ಪತ್ರ ಕೈಯಲ್ಲಿರಲಿ, ನೋಂದಣಿಯೇ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಓದು ಬಿಟ್ಟ ವರ್ಷಗಳಿಗೆ ಕಾಲೇಜುಗಳು ಗ್ಯಾಪ್ ಅಫಿಡವಿಟ್ ಕೇಳುತ್ತವೆ. ಮನೆ ನೋಡಿಕೊಳ್ಳುತ್ತಿದ್ದೆ ಅಂತ ನೇರವಾಗಿ ಬರೆಯಿರಿ, ಅದರಲ್ಲಿ ನಾಚಿಕೆ ಏನಿದೆ?

ಪುಣೆಯಲ್ಲಿ ಎಲ್ಲರ ಕಣ್ಣು 1924ರ ಐಎಲ್‌ಎಸ್ ಮೇಲೆ. ನಿಗಡಿಯಿಂದ ಲಾ ಕಾಲೇಜ್ ರಸ್ತೆಗೆ ದಿನಾ ಹೋಗಿಬರುವುದು ಎಷ್ಟು ಹೊತ್ತು ಅಂತ ಒಮ್ಮೆ ಕೆಲಸದ ದಿನವೇ ಹೋಗಿ ನೋಡಿ. ಪಿಂಪ್ರಿ-ಚಿಂಚವಾಡದ ಕಡೆ ಸಿಕ್ಕಿದರೂ ಬೇಡ ಅನ್ನಬೇಡಿ.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ, 61 ವರ್ಷ, ಮುಲುಂಡ್. ಸಿಇಟಿ ಬರೆದು ಪಾಸಾದರೂ ಈ ವಯಸ್ಸಿನಲ್ಲಿ ಸನ್ನದು ಕೊಡುತ್ತಾರೆಯೇ? ಸೊಸೆ ನಗುತ್ತಾಳೆ.

ಉತ್ತರ: ಕೊಡುತ್ತಾರೆ ಸರ್. 45 ದಾಟಿದವರನ್ನು ವಕೀಲರಾಗಿ ನೋಂದಾಯಿಸಬಾರದು ಅಂತ ಒಂದು ನಿಯಮ ಇತ್ತು, 1995ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಎಲ್‌ಎಲ್‌ಬಿ ಮುಗಿದ ಮೇಲೆ ಬಾರ್ ಕೌನ್ಸಿಲ್ ಆಫ್ ಮಹಾರಾಷ್ಟ್ರ ಆ್ಯಂಡ್ ಗೋವಾದಲ್ಲಿ ನೋಂದಣಿ. ಶುಲ್ಕ 750 ರೂಪಾಯಿಗಿಂತ ಹೆಚ್ಚು ಕೇಳುವ ಹಾಗಿಲ್ಲ ಅಂತ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪರಿಶಿಷ್ಟರಿಗೆ 125. ಅದಾದ ಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ, 100 ಪ್ರಶ್ನೆ, ಬೇರ್ ಆ್ಯಕ್ಟ್ ನೋಡಿಕೊಂಡು ಬರೆಯಬಹುದು. ಚೆಕ್ ಬೌನ್ಸ್‌ನ 138ನೇ ಸೆಕ್ಷನ್, ಬ್ಯಾಂಕುಗಳ ಸಾಲ ವಸೂಲಿಯ ಸರ್ಫೇಸಿ ಕಾಯ್ದೆ ಎಲ್ಲ ನಿಮಗೆ ಅಂಗೈಯಲ್ಲಿದೆ. ಅದನ್ನು ಸಿಇಟಿಯಲ್ಲಿ ತೋರಿಸಲು ಹೋಗಬೇಡಿ, ಮೇಲೆ ಡೊಂಬಿವಲಿಯವರಿಗೆ ಹೇಳಿದ್ದೇ ನಿಮಗೂ. ನಿಮಗೆ ಬೇಕಾದದ್ದು ವೇಗ. ಬ್ಯಾಂಕಿನವರು ಪ್ರತಿ ಸಾಲನ್ನೂ ಎರಡು ಸಲ ಓದುತ್ತಾರೆ, ಇಲ್ಲಿ ಒಂದು ನಿಮಿಷ ಅಷ್ಟೇ.

ಪ್ರಶ್ನೆ: ವಾಸ್ಕೋದಿಂದ ಬರೆಯುತ್ತಿದ್ದೇನೆ. ಪಿಯುಸಿ ಮಾಡಿಲ್ಲ. ಓಪನ್ ಯೂನಿವರ್ಸಿಟಿಯಲ್ಲಿ ನೇರವಾಗಿ ಪ್ರವೇಶ ಪರೀಕ್ಷೆ ಬರೆದು ಬಿ.ಎ. ಮಾಡಿದೆ. ಎಲ್‌ಎಲ್‌ಬಿ ಆಗುತ್ತದೆಯೇ?

ಉತ್ತರ: ಬೇಸರದ ಉತ್ತರ, ಆದರೆ ಈಗಲೇ ಗೊತ್ತಾಗುವುದು ಒಳ್ಳೆಯದು. ಆಗುವುದಿಲ್ಲ. ದೂರಶಿಕ್ಷಣದ ಡಿಗ್ರಿ ಇದ್ದರೆ ತೊಂದರೆ ಇಲ್ಲ, ಆದರೆ ಅದಕ್ಕಿಂತ ಮುಂಚಿನ ಮೆಟ್ಟಿಲು ಹತ್ತದೆ ನೇರವಾಗಿ ಪಡೆದ ಡಿಗ್ರಿಯನ್ನು ಬಾರ್ ಕೌನ್ಸಿಲ್ ನಿಯಮ ಒಪ್ಪುವುದಿಲ್ಲ. ಕಾಲೇಜು ಸೇರಿಸಿಕೊಂಡರೂ ಸನ್ನದಿನ ಹೊತ್ತಿಗೆ ಹಿಡಿಯುತ್ತಾರೆ. ಹನ್ನೆರಡನೆಯದನ್ನು ಈಗ ಪಾಸು ಮಾಡಿ ಸೇರಿಸಿದರೂ ಕ್ರಮ ಹಿಂದುಮುಂದಾಗುತ್ತದೆ. ಗಟ್ಟಿ ದಾರಿ ಬೇಕಿದ್ದರೆ ಹನ್ನೆರಡನೆಯದು ಮುಗಿಸಿ ಆಮೇಲೆ ಹೊಸದಾಗಿ ಡಿಗ್ರಿ ಮಾಡಬೇಕು, ಉದ್ದದ ದಾರಿ. ಅಷ್ಟು ವ್ಯವಧಾನ ಇದ್ದರೆ ಮಾಡಿ. ಗೋವಾದ ಕಾಲೇಜುಗಳು, ಅಂದರೆ ಮಿರಾಮಾರಿನ ಸಾಳಗಾಂವ್ಕರ್, ಮಡಗಾಂವಿನ ಕಾರೆ, ಮಹಾರಾಷ್ಟ್ರದ ಸಿಇಟಿಯೊಳಗೆ ಬರುವುದಿಲ್ಲ. ಬಾರ್ ಕೌನ್ಸಿಲ್ ಮಾತ್ರ ಎರಡಕ್ಕೂ ಒಂದೇ, ಹಾಗಾಗಿ ಅಲ್ಲಿ ಸೇರಿದರೆ ಈ ನಿಯಮದಿಂದ ತಪ್ಪಿಸಿಕೊಳ್ಳಬಹುದು ಅಂದುಕೊಳ್ಳಬೇಡಿ.

ಪ್ರಶ್ನೆ: ನನ್ನದು ಥಾಣೆಯಲ್ಲಿ ಸ್ವಂತ ಹೋಟೆಲು. ಲಾ ಓದಿ ವಕೀಲನಾದರೆ ಹೋಟೆಲು ಮುಚ್ಚಬೇಕಾ?

ಉತ್ತರ: ಓದುವುದಕ್ಕೆ ಮುಚ್ಚಬೇಕಾಗಿಲ್ಲ. ವಕೀಲಿಕೆ ಶುರುಮಾಡಿದ ಮೇಲೆ ನೀವೇ ಗಲ್ಲೆಯಲ್ಲಿ ಕೂತು ವ್ಯಾಪಾರ ನಡೆಸುವ ಹಾಗಿಲ್ಲ, ಪೂರ್ತಿ ಸಮಯದ ಸಂಬಳದ ನೌಕರಿಯೂ ಕೂಡದು. ಮುಂಬಯಿಯ ಒಬ್ಬ ವೈದ್ಯರು ಎರಡನ್ನೂ ಒಟ್ಟಿಗೆ ಮಾಡುತ್ತೇನೆ ಅಂತ ಸುಪ್ರೀಂ ಕೋರ್ಟಿನವರೆಗೆ ಹೋಗಿ 1996ರಲ್ಲಿ ಸೋತರು. ಆದರೆ ನಿಯಮದಲ್ಲೇ ಒಂದು ಕಿಂಡಿ ಬಿಟ್ಟಿದ್ದಾರೆ: ಹಣ ಹಾಕಿ ಸುಮ್ಮನಿರುವ ಸ್ಲೀಪಿಂಗ್ ಪಾರ್ಟ್‌ನರ್ ಆಗಿ ಇರಬಹುದು, ವ್ಯಾಪಾರ ವೃತ್ತಿಯ ಮರ್ಯಾದೆಗೆ ಕುಂದು ತರುವಂಥದ್ದಾಗಿರಬಾರದು. ಇಡ್ಲಿ ವಡೆಯಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ. ತಮ್ಮನೋ ಮಗನೋ ನೋಡಿಕೊಳ್ಳುವುದಾದರೆ ಪಾಲುದಾರಿಕೆ ಪತ್ರವನ್ನು ಸನ್ನದಿಗೆ ಅರ್ಜಿ ಹಾಕುವ ಮೊದಲೇ ಬದಲಿಸಿಕೊಳ್ಳಿ, ಲೈಸೆನ್ಸುಗಳೂ ಅವರ ಹೆಸರಿಗೆ ಆಗಲಿ.